ನಿವೃತ್ತಿಯ ಮನೆ: ನೀರಿನ ಹತ್ತಿರವೋ, ನೀರಿನ ಒಳಗೋ?



ನಮ್ಮ ವಾಚನಾಲಯಕ್ಕೆ ಸಂಜೆ ಪತ್ರಿಕೆ ಓದಲು ಬರುವ ಹಿರಿಯರ ಮಾತು ಎಲ್ಲಿಂದ ಆರಂಭವಾದರೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: "ಕೆಲಸ ಮುಗಿದ ಮೇಲೆ ಎಲ್ಲಿರುವುದು? ಇಲ್ಲೋ, ಊರಲ್ಲೋ?" ನಮ್ಮ ಮನೆಯಲ್ಲಿಯೂ ಈ ವರ್ಷ ಅದೇ ಪ್ರಶ್ನೆ ಎದ್ದಿತು. ಅಪ್ಪಯ್ಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು ಬರುವ ಮಾರ್ಚಿನಲ್ಲಿ ನಿವೃತ್ತರಾಗುತ್ತಾರೆ. ಅವರು ಹುಟ್ಟಿದ್ದು ಕುಂದಾಪುರದ ಹತ್ತಿರದ ಬಸ್ರೂರಿನಲ್ಲಿ, ವಾರಾಹಿ ಹೊಳೆಯ ದಂಡೆಯ ಮೇಲೆ. "ಹೊಳೆ ಕಾಣದ ಮನೆ ಎಂಥ ಮನೆ ಮಾರಾಯ? ಇಷ್ಟು ವರ್ಷ ಎದುರು ಚಾಳಿನ ಗೋಡೆ ನೋಡಿದ್ದು ಸಾಕು" ಎಂಬುದು ಅವರ ಮಾತು.

ಈ ವಿಷಯದಲ್ಲಿ ನಾನು ಪಂಡಿತನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. ರವಿವಾರ ಇಲ್ಲಿ ಕುಳಿತು ಪುಸ್ತಕ ಕೊಡುವವನು. ಆದರೆ ಅಪ್ಪಯ್ಯನಿಗಾಗಿ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳನ್ನು ಸುತ್ತಿ ಕಲಿತದ್ದನ್ನು, ಒಂದೆಡೆ ಮೋಸಹೋದದ್ದನ್ನೂ ಮುಚ್ಚಿಡದೆ, ಪಾಠದ ರೂಪದಲ್ಲಿ ತಮ್ಮ ಮುಂದಿಡುತ್ತೇನೆ. ಜೀವಮಾನದ ಪ್ರಾವಿಡೆಂಟ್ ಫಂಡು ಒಮ್ಮೆ ಗೋಡೆಗೆ ಸೇರಿದರೆ ಮತ್ತೆ ಕೈಗೆ ಬರುವುದಿಲ್ಲ. ಅದಕ್ಕೆ ಮುಂಚೆ ನಾಲ್ಕು ಮಾತು ಓದಿಕೊಳ್ಳುವುದರಲ್ಲಿ ನಷ್ಟವಿಲ್ಲ.

೧. ಮೊದಲು ನನ್ನ ತಪ್ಪು

ಏಪ್ರಿಲ್ ತಿಂಗಳ ಒಂದು ರವಿವಾರ ದಲಾಲಿಯೊಬ್ಬರು ನಮ್ಮನ್ನು ಡೊಂಬಿವಲಿ ಪಶ್ಚಿಮಕ್ಕೆ ಕರೆದೊಯ್ದರು. ಕಟ್ಟಡದ ಹಿಂದೆಯೇ ಖಾಡಿ. ನೀರು ಇಳಿದಿತ್ತು, ಗಾಳಿ ತಂಪಾಗಿ ಬೀಸುತ್ತಿತ್ತು, ದೂರದಲ್ಲಿ ಒಂದು ದೋಣಿ. ಅಪ್ಪಯ್ಯ ಕಟ್ಟೆಯ ಮೇಲೆ ಕುಳಿತವರು ಅರ್ಧ ಗಂಟೆ ಏಳಲಿಲ್ಲ. ಅವರ ಮುಖ ನೋಡಿ ನಾನು ಕೆಳ ಅಂತಸ್ತಿನ ಮನೆಗೆ ಹತ್ತು ಸಾವಿರ ರೂಪಾಯಿ ಟೋಕನ್ ಕೊಟ್ಟುಬಿಟ್ಟೆ.

ಮನೆಗೆ ಬಂದಾಗ ಅಮ್ಮ ಕೇಳಿದ್ದು ಎರಡೇ ಪ್ರಶ್ನೆ: "ನಲ್ಲಿ ಎಷ್ಟು ಹೊತ್ತಿಗೆ ಬರುತ್ತದೆ? ಮಳೆಗಾಲದಲ್ಲಿ ಆ ನೀರು ಎಲ್ಲಿಯವರೆಗೆ ಬರುತ್ತದೆ?" ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಮರುವಾರ ಒಬ್ಬನೇ ಹೋಗಿ ಮೂಲೆಯ ಇಸ್ತ್ರಿಯವನನ್ನು ವಿಚಾರಿಸಿದೆ. ಅವನು ಮಾತಾಡದೆ ತನ್ನ ಗೋಡೆ ತೋರಿಸಿದ. ನನ್ನ ಸೊಂಟದ ಮಟ್ಟಕ್ಕೆ ಒಂದು ಕಂದು ಗೆರೆ. ಬಳಿಕ ನಾವು ನೋಡಿದ ಕಟ್ಟಡದ ಬಾಗಿಲಿಗೆ ಹೋಗಿ ಕಣ್ಣೆತ್ತಿದರೆ, ವಿದ್ಯುತ್ ಮೀಟರುಗಳನ್ನೆಲ್ಲ ತಲೆಗಿಂತ ಎತ್ತರಕ್ಕೆ ಸರಿಸಿ ಕೂರಿಸಿದ್ದಾರೆ. ಹಿಂದಿನ ವಾರವೂ ಅವು ಅಲ್ಲಿಯೇ ಇದ್ದವು. ಖಾಡಿಯ ಕಡೆಗೆ ನೋಡುತ್ತಿದ್ದ ನನಗೆ ಕಾಣಿಸಿರಲಿಲ್ಲ. ಟೋಕನ್ ಹಣ ಹಿಂದಿರುಗಲಿಲ್ಲ. ಅದು ನಾನು ಕೊಟ್ಟ ಶಾಲೆಯ ಫೀ ಎಂದು ತಿಳಿದುಕೊಂಡಿದ್ದೇನೆ.

೨. ನೀರು ಒಂದಲ್ಲ, ಮೂರು

ಮನೆಯ ಹತ್ತಿರ ನೀರಿರಬೇಕೆಂದು ಬಯಸುವಾಗ ನಾವು ಕಣ್ಣಿಗೆ ಕಾಣುವ ನೀರನ್ನು ಮಾತ್ರ ಎಣಿಸುತ್ತೇವೆ. ವಾಸ್ತವದಲ್ಲಿ ಮೂರು ನೀರುಗಳ ವಿಚಾರ ಮಾಡತಕ್ಕದ್ದು. ಮೊದಲನೆಯದು ಮಳೆಗಾಲದಲ್ಲಿ ಹೊಳೆಯಿಂದ ಉಕ್ಕುವ ನೀರು. ಎರಡನೆಯದು ಸಮುದ್ರದಿಂದ ಖಾಡಿಯೊಳಗೆ ದಿನಕ್ಕೆ ಎರಡು ಬಾರಿ ಏರಿ ಬರುವ ಉಬ್ಬರದ ನೀರು. ಮೂರನೆಯದು ನಲ್ಲಿಯ ನೀರು. ಈ ಪಾಠದ ಸಾರವನ್ನೆಲ್ಲ ಒಂದೇ ಮಾತಿನಲ್ಲಿ ಹೇಳುವುದಾದರೆ: ನಲ್ಲಿಯಲ್ಲಿ ನೀರು ಬರಬೇಕು, ಬಾಗಿಲಲ್ಲಿ ನೀರು ಬರಬಾರದು. ಕಿಟಕಿಯಲ್ಲಿ ನೀರು ಕಾಣುವುದು ಇವೆರಡರ ನಂತರದ ಮಾತು.

೩. ಹೊಳೆಯ ನೀರು

ನಮ್ಮ ಭಾಗದ ದೊಡ್ಡ ಹೊಳೆ ಉಲ್ಹಾಸ ನದಿ. ಸಹ್ಯಾದ್ರಿಯಲ್ಲಿ ಹುಟ್ಟಿ ಕರ್ಜತ್, ನೇರಳ್, ಬದಲಾಪುರಗಳನ್ನು ಹಾದು, ಕಲ್ಯಾಣದಲ್ಲಿ ಖಾಡಿಯಾಗಿ ಅಗಲವಾಗುತ್ತದೆ. ಅಲ್ಲಿಂದ ಡೊಂಬಿವಲಿಯ ಮಗ್ಗುಲಲ್ಲಿ ಹರಿದು ಠಾಣೆಯ ಬಳಿ ಹೊರಳಿ ವಸಯಿ ಖಾಡಿಯ ಮೂಲಕ ಸಮುದ್ರ ಸೇರುತ್ತದೆ. ಘಟ್ಟದ ಮಳೆಯೆಲ್ಲ ಇಳಿಯುವ ದಾರಿ ಇದೇ. ಟಿಟವಾಳಾದ ಗಣಪತಿಯನ್ನು ನೋಡಲು ಹೋಗುವಾಗ ಕಾಣುವ ಕಾಳು ನದಿಯೂ ಇದಕ್ಕೇ ಸೇರುತ್ತದೆ.

೨೦೦೫ರ ಜುಲೈ ೨೬ರಂದು ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ೨೪ ಗಂಟೆಗಳಲ್ಲಿ ೯೪೪ ಮಿಲಿಮೀಟರ್ ಮಳೆ ದಾಖಲಾಯಿತು. ಕಲ್ಯಾಣ, ಡೊಂಬಿವಲಿ, ಬದಲಾಪುರಗಳೂ ಆ ದಿನ ನೀರಿನಲ್ಲಿ ನಿಂತವು. ನಾನಾಗ ಶಾಲೆಯ ಹುಡುಗ. ನಾವಿದ್ದದ್ದು ಕಲ್ಯಾಣದ ಚಾಳಿನಲ್ಲಿ. ನಮ್ಮ ಕೆಳಗಿನ ಕೋಣೆಯಲ್ಲಿದ್ದ ಅಜ್ಜ ಅಜ್ಜಿಯರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ಮೇಲಕ್ಕೆ ತಂದರು. ಅಜ್ಜಿ ಮಾತ್ರೆಯ ಡಬ್ಬಿಯನ್ನು ತಲೆಯ ಮೇಲೆ ಹಿಡಿದುಕೊಂಡಿದ್ದರು. ಹರೆಯದವನಿಗೆ ಪ್ರವಾಹವೆಂದರೆ ಒಂದು ರಾತ್ರಿಯ ಕಷ್ಟ. ಮೆಟ್ಟಿಲು ಹತ್ತಲಾರದವರಿಗೆ ಅದು ಪ್ರಾಣದ ಪ್ರಶ್ನೆ. ನೀರು ಇಳಿದ ಮೇಲೆ ಇಲಿಜ್ವರದ ಭಯ ಬೇರೆ. ೨೦೦೫ರಲ್ಲಿ ಮುಂಬಯಿಯಲ್ಲಿ ಅದು ನೆರೆಯ ಬೆನ್ನಿಗೇ ಹಬ್ಬಿತು.

"ಅದು ಒಮ್ಮೆ ಬಂದದ್ದು, ಮತ್ತೆ ಬರುವುದಿಲ್ಲ" ಎನ್ನುವವರುಂಟು. ೨೦೧೯ರ ಜುಲೈ ೨೭ರಂದು ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ ಮತ್ತು ವಾಂಗಣಿಗಳ ನಡುವೆ ಉಲ್ಹಾಸದ ನೀರಿನಲ್ಲಿ ಸಿಕ್ಕಿಕೊಂಡಿತು. ಸುಮಾರು ೧೦೫೦ ಪ್ರಯಾಣಿಕರನ್ನು ದೋಣಿಗಳಲ್ಲಿ ಪಾರುಮಾಡಬೇಕಾಯಿತು. ನಮ್ಮ ಬೆಳಗಾವಿ ಕಡೆಯ ಎಷ್ಟೋ ಜನ ಊರಿಗೆ ಹಿಡಿಯುವ ಗಾಡಿ ಅದು.

ಇಲ್ಲಿ ಒಂದು ಲೆಕ್ಕವನ್ನು ಕಲಿಯುವುದು ಅಗತ್ಯ. ಮಹಾರಾಷ್ಟ್ರದ ಜಲಸಂಪತ್ತಿ ಇಲಾಖೆಯು ನದಿಗಳ ದಂಡೆಗೆ ನಕಾಶೆಯಲ್ಲಿ ಎರಡು ಗೆರೆ ಎಳೆಯುತ್ತದೆ. ೨೫ ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಗಡಿಗೆ ನೀಲಿ ರೇಖೆ. ೧೦೦ ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಗಡಿಗೆ ಕೆಂಪು ರೇಖೆ. ನೀಲಿ ರೇಖೆಯ ಒಳಗೆ ಕಟ್ಟಡ ನಿಷಿದ್ಧ. ನೀಲಿ ಮತ್ತು ಕೆಂಪಿನ ನಡುವೆ ನಿರ್ಬಂಧಗಳೊಡನೆ ಮಾತ್ರ.

"ನೂರು ವರ್ಷಕ್ಕೊಮ್ಮೆ ತಾನೆ? ಅಷ್ಟು ವರ್ಷ ನಾವಿರುತ್ತೇವೆಯೆ?" ಎಂದು ನಗಬೇಡಿ. ಅದರ ಅರ್ಥ, ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಂಭವ ಎಂದಷ್ಟೆ. ಒಬ್ಬರು ೫೮ಕ್ಕೆ ನಿವೃತ್ತರಾಗಿ ೭೮ರವರೆಗೆ ಆ ಮನೆಯಲ್ಲಿದ್ದರೆಂದು ತಿಳಿಯೋಣ. ನೀಲಿ ರೇಖೆಯ ಅಂಚಿನಲ್ಲಿ ಒಂದು ವರ್ಷ ನೆರೆ ಬಾರದಿರುವ ಸಂಭವ ೨೫ರಲ್ಲಿ ೨೪. ಇದನ್ನು ಇಪ್ಪತ್ತು ಸಲ ಗುಣಿಸಿದರೆ ಉಳಿಯುವುದು ನೂರಕ್ಕೆ ೪೪. ಎಂದರೆ ಆ ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯಾದರೂ ನೀರು ಮನೆ ಹೊಗುವ ಸಂಭವ ನೂರಕ್ಕೆ ೫೬! ಕೆಂಪು ರೇಖೆಯ ಅಂಚಿನಲ್ಲಿಯೂ ಅದು ನೂರಕ್ಕೆ ೧೮. ಲಾಟರಿಯಲ್ಲಿ ಇಷ್ಟು ಸಂಭವವಿದ್ದರೆ ನಾವೆಲ್ಲರೂ ಟಿಕೇಟು ಕೊಳ್ಳುತ್ತಿದ್ದೆವು.

೪. ಉಬ್ಬರದ ನೀರು

ಖಾಡಿಯ ನೀರು ಹೊಳೆಯ ನೀರಿನಂತೆ ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಸಮುದ್ರ ಏರಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಮತ್ತು ನಂತರದ ಒಂದೆರಡು ದಿನಗಳಲ್ಲಿ ಈ ಏರಿಕೆ ಹೆಚ್ಚು. ಅದೇ ಹೊತ್ತಿಗೆ ಜೋರು ಮಳೆಯೂ ಹಿಡಿದರೆ ಊರಿನ ಗಟಾರಗಳ ನೀರಿಗೆ ಹೊರಹೋಗುವ ದಾರಿ ಮುಚ್ಚುತ್ತದೆ. ಹೋಗಬೇಕಾದ ನೀರು ಹಿಂದಿರುಗಿ ಬೀದಿಗೆ ಬರುತ್ತದೆ. ಖಾಡಿಯಂಚಿನ ತಗ್ಗು ವಸತಿಗಳು ಮೊದಲು ಮುಳುಗುವುದು ಹೀಗೆ.

ಉಬ್ಬರದ ಸಮಯ ತಿಳಿಯಲು ಕೊಂಕಣದ ಬೆಸ್ತರ ಒಂದು ಸುಲಭ ಸೂತ್ರವಿದೆ. ತಿಥಿಯ ಸಂಖ್ಯೆಯನ್ನು ಮುಕ್ಕಾಲಿನಿಂದ ಗುಣಿಸಿ. ಚೌತಿಯಾದರೆ ನಾಲ್ಕರ ಮುಕ್ಕಾಲು ಮೂರು. ಸುಮಾರು ಮೂರು ಗಂಟೆಗೆ ತುಂಬು ಉಬ್ಬರ. ಅಷ್ಟಮಿಗೆ ಆರು ಗಂಟೆ. ಹುಣ್ಣಿಮೆಗೆ ಹನ್ನೊಂದೂ ಕಾಲು. ಇದು ಅಂದಾಜು, ಖಾಡಿಯ ಒಳಭಾಗದಲ್ಲಿ ಇನ್ನೂ ತಡವಾಗುತ್ತದೆ. ಮನೆ ನೋಡಲು ಹೋಗತಕ್ಕವರು ಏಪ್ರಿಲಿನ ಸಂಜೆ ಹೋಗದೆ, ಪಂಚಾಂಗ ನೋಡಿ ಆಷಾಢ ಶ್ರಾವಣಗಳ ಅಮಾವಾಸ್ಯೆಗೋ ಹುಣ್ಣಿಮೆಗೋ ಉಬ್ಬರದ ವೇಳೆಗೆ ಹೋಗಿ ನಿಂತು ನೋಡಲಿ. ದಲಾಲಿಯ ಹತ್ತು ಮಾತಿಗಿಂತ ಆ ಒಂದು ಗಂಟೆ ಹೆಚ್ಚು ಕಲಿಸುತ್ತದೆ.

ಈ ಉಬ್ಬರವನ್ನು ಲೆಕ್ಕಕ್ಕೆ ಹಿಡಿದು ಕಟ್ಟಿದ ಊರು ನವಿ ಮುಂಬಯಿ. ೧೯೭೦ರಲ್ಲಿ ಸ್ಥಾಪಿತವಾದ ಸಿಡ್ಕೋ ಸಂಸ್ಥೆ ತಗ್ಗು ಜಾಗಗಳಿಗೆ ಮಣ್ಣು ತುಂಬಿಸಿತು. ಖಾಡಿಯ ಅಂಚಿನಲ್ಲಿ ದೊಡ್ಡ ಹೊಂಡಗಳನ್ನು ನಿರ್ಮಿಸಿತು. ಸಮುದ್ರ ಏರಿದಾಗ ಹೊಂಡದ ಬಾಗಿಲು ಮುಚ್ಚಿಕೊಳ್ಳುತ್ತದೆ, ಊರಿನ ಮಳೆನೀರು ಹೊಂಡದಲ್ಲಿ ತಂಗುತ್ತದೆ. ಸಮುದ್ರ ಇಳಿದಾಗ ಬಾಗಿಲು ತೆರೆದು ನೀರು ಹೊರಬೀಳುತ್ತದೆ. ನೆರೂಳಿನಲ್ಲಿ ಜನ ಸಂಜೆ ಸುತ್ತು ಹಾಕುವ ಕೆರೆಯೂ ಇಂಥ ಹೊಂಡವೇ. ಆದರೆ ಹೊಂಡದಲ್ಲಿ ಹೂಳು ತುಂಬಿದರೆ ಅದು ಹಿಡಿಯುವ ನೀರು ಕಡಿಮೆಯಾಗುತ್ತದೆ. ಆದುದರಿಂದ ಅಲ್ಲಿ ಮನೆ ನೋಡುವವರು ತಮ್ಮ ಸೆಕ್ಟರಿನ ಹೊಂಡದ ಹೂಳನ್ನು ತೆಗೆಯುತ್ತಿದ್ದಾರೆಯೆ ಎಂದು ಅಕ್ಕಪಕ್ಕದವರಲ್ಲಿ ವಿಚಾರಿಸುವುದು ಲೇಸು.

೫. ನಲ್ಲಿಯ ನೀರು

ನದಿಯ ಪಕ್ಕದಲ್ಲಿದ್ದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆಂಬ ನಂಬಿಕೆ ಬೇಡ. ಕಲ್ಯಾಣ ಡೊಂಬಿವಲಿ ಮಹಾನಗರಪಾಲಿಕೆ ಉಲ್ಹಾಸ ನದಿಯಿಂದ ನೀರೆತ್ತಿ ಶುದ್ಧೀಕರಿಸಿ ಕೊಡುತ್ತದೆ. ನೆರೆ ಬಂದಾಗ ನದಿಯಂಚಿನ ಪಂಪುಗಳಿಗೇ ನೀರು ನುಗ್ಗಿ ಸರಬರಾಜು ನಿಂತದ್ದುಂಟು. ಬೀದಿಯಲ್ಲಿ ಮೊಣಕಾಲುದ್ದ ನೀರು, ಕೊಡದಲ್ಲಿ ಒಂದು ತೊಟ್ಟಿಲ್ಲ!

ನವಿ ಮುಂಬಯಿ ಎಂದು ಒಂದೇ ಹೆಸರಿನಿಂದ ಕರೆದರೂ ಕೊಳವೆಗಳು ಒಂದೇ ಅಲ್ಲ. ವಾಶಿ, ನೆರೂಳ್, ಬೇಲಾಪುರಗಳು ನವಿ ಮುಂಬಯಿ ಮಹಾನಗರಪಾಲಿಕೆಗೆ ಸೇರಿದವು. ಆ ಪಾಲಿಕೆಗೆ ಖೋಪೋಲಿ ಕಡೆ ಸ್ವಂತದ ಮೋರ್ಬೆ ಅಣೆಕಟ್ಟು ಇದೆ. ಖಾರಘರ್ ೨೦೧೬ರಲ್ಲಿ ಸ್ಥಾಪಿತವಾದ ಪನವೇಲ್ ಮಹಾನಗರಪಾಲಿಕೆಯ ವ್ಯಾಪ್ತಿಗೆ ಸೇರಿತು. ಅತ್ತ ಸಿಡ್ಕೋ ಹೆಟವಣೆ ಅಣೆಕಟ್ಟು ಮೊದಲಾದ ಕಡೆಗಳಿಂದ ನೀರು ತರುತ್ತದೆ, ಬೇಸಗೆಯಲ್ಲಿ ಅಭಾವದ ದೂರು ಹೆಚ್ಚು. ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಒಂದು ಪಕ್ಕ ಬೆಟ್ಟ, ಇನ್ನೊಂದು ಪಕ್ಕ ಖಾಡಿ. ಆದರೂ ಅಲ್ಲಿನ ಎಷ್ಟೋ ಸೊಸೈಟಿಗಳು ಟ್ಯಾಂಕರಿಗೆ ಹಣ ತೆರುತ್ತವೆ. ಈ ಟ್ಯಾಂಕರಿನ ಖರ್ಚು ತಿಂಗಳ ಮೇಂಟೆನೆನ್ಸಿನಲ್ಲಿ ಸೇರಿರುತ್ತದೆ. ದುಡಿಯುವವನಿಗೆ ಅದು ಹಗುರ. ತಿಂಗಳಿಗೆ ಕೆಲವೇ ಸಾವಿರ ಪಿಂಚಣಿ ಪಡೆಯುವವನಿಗೆ ಭಾರ. ಮನೆ ಕೊಳ್ಳುವ ಮುನ್ನ ಸೊಸೈಟಿಯ ಹಿಂದಿನ ಮೇ ತಿಂಗಳ ಬಿಲ್ಲನ್ನು ಕೇಳಿ ನೋಡಿರಿ.

ನೀರಿನ ಗುಣ ಎಂದೆಂದಿಗೂ ಒಂದೇ ಇರುವುದಿಲ್ಲವೆಂಬುದಕ್ಕೆ ಅಂಬರನಾಥ ಸಾಕ್ಷಿ. ಅಲ್ಲಿಯ ಶಿವಾಲಯವನ್ನು ೧೦೬೦ರಲ್ಲಿ ಕಟ್ಟಿಸಿದವರು ಶಿಲಾಹಾರರು. ಆ ಮನೆತನದ ಹಿಂದಿನ ಅರಸರು ನಮ್ಮ ಮಾನ್ಯಖೇಟದ ರಾಷ್ಟ್ರಕೂಟರಿಗೆ ಸಾಮಂತರಾಗಿದ್ದವರು. ದೇವರಿಗೆ ಸ್ಥಳ ಹುಡುಕುವಾಗ ಅವರು ವಾಲಧುನಿ ಹೊಳೆಯ ದಂಡೆಯನ್ನೇ ಆರಿಸಿಕೊಂಡರು. ಗುಡಿ ಇಂದಿಗೂ ನಿಂತಿದೆ. ಹೊಳೆ ಮಾತ್ರ ಕಾರ್ಖಾನೆಗಳ ಕೊಳೆ ಮತ್ತು ಊರಿನ ಚರಂಡಿ ಹೊತ್ತು ಹರಿಯುತ್ತಿದೆ. ಅದರ ಪಕ್ಕದ ಕಿಟಕಿಯನ್ನು ಈಗ ಯಾರೂ ಗಾಳಿಗಾಗಿ ತೆರೆಯುವುದಿಲ್ಲ.

೬. ಕಾಗದಪತ್ರ

ನೀರಿನ ಅಂಚಿನ ಜಾಗಕ್ಕೆ ಸಾಮಾನ್ಯ ಜಾಗಕ್ಕಿಂತ ಹೆಚ್ಚು ಕಾನೂನುಗಳುಂಟು. ಸಮುದ್ರ ಮತ್ತು ಖಾಡಿಗಳ ದಂಡೆಗೆ ೧೯೯೧ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ೨೦೧೧ರಲ್ಲಿ ಮತ್ತು ೨೦೧೯ರಲ್ಲಿ ಅವನ್ನು ಬದಲಿಸಿದರು. ಕಾಂಡ್ಲಾ ಗಿಡಗಳ ಸುತ್ತ ೫೦ ಮೀಟರು ಜಾಗವನ್ನು ಕಟ್ಟಡಗಳಿಂದ ಮುಕ್ತವಾಗಿಡಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯ ೨೦೧೮ರಲ್ಲಿ ತೀರ್ಪಿತ್ತಿದೆ. ಆ ಗಿಡಗಳನ್ನು ಕಡಿದು ಮಣ್ಣು ಸುರಿದು ಎಬ್ಬಿಸಿದ ಮನೆ ಇಂದು ಅಗ್ಗವಾಗಿ ಸಿಗಬಹುದು. ನಾಳೆ ಅದನ್ನು ಕೆಡವಲು ಬಂದಾಗ ಕಟ್ಟಿದವನು ಅಲ್ಲಿರುವುದಿಲ್ಲ, ಕೊಂಡವನು ಇರುತ್ತಾನೆ.

"ಮಹಾರೇರಾ ನಂಬರಿದೆ" ಎಂಬ ಮಾತಿನಿಂದಲೂ ತೃಪ್ತರಾಗಬಾರದು. ಕಲ್ಯಾಣ ಡೊಂಬಿವಲಿಯಲ್ಲಿ ಪಾಲಿಕೆಯ ಪರವಾನಿಗೆಯನ್ನೇ ಖೋಟಾ ಮಾಡಿ ರೇರಾ ನೋಂದಣಿ ಪಡೆದ ೬೫ ಕಟ್ಟಡಗಳನ್ನು ಕೆಡವಬೇಕೆಂದು ಉಚ್ಚ ನ್ಯಾಯಾಲಯ ೨೦೨೪ರ ನವೆಂಬರಿನಲ್ಲಿ ಆಜ್ಞೆ ಮಾಡಿತು. ಅವುಗಳಲ್ಲಿ ಮನೆ ಕೊಂಡವರು ನಮ್ಮಂತೆಯೇ ಸಂಬಳದ ಜನ. ಆದುದರಿಂದ ಪರವಾನಿಗೆಯ ಪ್ರತಿಯನ್ನು ಹಿಡಿದು ಪಾಲಿಕೆಯ ನಗರರಚನಾ ವಿಭಾಗಕ್ಕೆ ತಾವೇ ಹೋಗಿ, ಇದು ನಿಮ್ಮಲ್ಲಿಂದ ಹೊರಟದ್ದೆ ಎಂದು ಕೇಳಬೇಕು. ವಾಸಕ್ಕೆ ಅನುಮತಿ ಪತ್ರ, ಎಂದರೆ ಓ.ಸಿ., ಇಲ್ಲದ ಮನೆಗೆ ಕೈ ಹಾಕಬಾರದು. ನೆರೆ ರೇಖೆಯ ನಕಾಶೆಯನ್ನೂ ಅಲ್ಲಿಯೇ ಕೇಳಬಹುದು. ಸಿಡ್ಕೋ ಜಾಗವಾದರೆ ಅದು ೬೦ ವರ್ಷದ ಗೇಣಿಯದು. ಎಷ್ಟು ವರ್ಷ ಸಂದಿದೆ, ವರ್ಗಾವಣೆಗೆ ಶುಲ್ಕವೆಷ್ಟು ಎಂಬುದನ್ನು ತಿಳಿಯತಕ್ಕದ್ದು.

೭. ಊರಿಗೆ ಮರಳುವವರಿಗೆ

"ಇಷ್ಟು ತಾಪತ್ರಯವೇಕೆ? ಊರಿಗೆ ಹೋಗಿಬಿಡೋಣ" ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಹೋಗಿರಿ, ಆದರೆ ಆ ಮೂರು ಪ್ರಶ್ನೆಗಳನ್ನು ಅಲ್ಲಿಗೂ ಒಯ್ಯಿರಿ. ನೇತ್ರಾವತಿಯ ದಂಡೆಯ ಬಂಟ್ವಾಳದ ಹಿರಿಯರಿಗೆ ೧೯೭೪ರ ನೆರೆ ಇಂದಿಗೂ ನೆನಪಿದೆ. ೨೦೨೦ರ ಸೆಪ್ಟೆಂಬರಿನಲ್ಲಿ ಉಡುಪಿ ಪೇಟೆಯೊಳಕ್ಕೇ ನೀರು ಬಂತು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಕಣ್ಣಿಗೆ ಸ್ವರ್ಗ, ಆದರೆ ಮಳೆಗಾಲ ಬಂತೆಂದರೆ ಕಡಲ್ಕೊರೆತದ ಚಿಂತೆ. ಅಳಿವೆಯ ಹತ್ತಿರದ ಬಾವಿಗಳಿಗೆ ಬೇಸಗೆಯಲ್ಲಿ ಉಪ್ಪುನೀರು ಹತ್ತುತ್ತದೆ.

ಬಾಗಲಕೋಟೆ, ವಿಜಯಪುರ ಕಡೆಯ ಬಂಧುಗಳಿಗೆ ಇನ್ನೊಂದು ಮಾತು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗ ಮುಳುಗಿ ಜನ ನವನಗರಕ್ಕೆ ಹೋದದ್ದನ್ನು ತಾವು ಕಂಡಿದ್ದೀರಿ. ಅಣೆಕಟ್ಟಿನ ನೀರಿನ ಮಟ್ಟವನ್ನು ೫೧೯.೬ ಮೀಟರಿನಿಂದ ೫೨೪.೨೫೬ ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣ ೨೦೧೦ರಲ್ಲಿ ಒಪ್ಪಿದೆ. ಹಿನ್ನೀರಿನ ಹತ್ತಿರ ಮನೆ ಕಟ್ಟುವ ಯೋಚನೆಯಿದ್ದರೆ ತಮ್ಮ ಸರ್ವೆ ನಂಬರು ಮುಳುಗಡೆಯ ಪಟ್ಟಿಯಲ್ಲಿದೆಯೆ ಎಂದು ಮೊದಲು ನೋಡಿಕೊಳ್ಳಿರಿ. ಘಟಪ್ರಭಾ, ಮಲಪ್ರಭಾ ದಂಡೆಯವರಿಗೆ ೨೦೧೯ರ ಆಗಸ್ಟನ್ನು ನೆನಪಿಸಬೇಕಾದುದಿಲ್ಲ.

೮. ಇಬ್ಬರಲ್ಲಿ ಒಬ್ಬರು ಉಳಿದಾಗ

ಇದನ್ನು ಹೇಳಲು ನಾಲಗೆ ಹಿಂಜರಿಯುತ್ತದೆ, ಆದರೆ ಹೇಳದಿದ್ದರೆ ಪಾಠ ಪೂರ್ಣವಾಗದು. ನಿವೃತ್ತಿಯ ಮನೆಯನ್ನು ಗಂಡಸರು ತಮ್ಮ ಬಾಲ್ಯಕ್ಕಾಗಿ ಆರಿಸುತ್ತಾರೆ. ಅದರಲ್ಲಿ ಕೊನೆಯವರೆಗೆ ಇರುವವರು ಹೆಚ್ಚಾಗಿ ಹೆಂಗಸರು. ಪ್ರಾವಿಡೆಂಟ್ ಫಂಡಿನ ಪಿಂಚಣಿಯಲ್ಲಿ ಗಂಡನ ನಂತರ ಹೆಂಡತಿಗೆ ಬರುವುದು ಅರ್ಧದಷ್ಟು. ಅಷ್ಟರಲ್ಲಿ ಆಕೆ ಆ ಮನೆಯಲ್ಲಿ ಒಬ್ಬಳೇ ಬಾಳಬಲ್ಲಳೆ? ಔಷಧಿಯ ಅಂಗಡಿಗೆ ನಡೆದು ಹೋಗಬಲ್ಲಳೆ? ರಾತ್ರಿ ಕರೆದರೆ ಬರುವವರಿದ್ದಾರೆಯೆ? ಬಸ್ರೂರಿನ ವಿಚಾರ ಬಂದಾಗ ಅಮ್ಮ ಹೇಳಿದರು: "ಹೊಳೆ ನೋಡಲು ನೀವು ಹೋಗುತ್ತೀರಿ. ನೀರು ಹಿಡಿಯಲು ಏಳುವವಳು ನಾನು. ನಿಮಗೆ ಎದೆನೋವು ಬಂದರೆ ಮಣಿಪಾಲಕ್ಕೆ ವಾಹನ ಹುಡುಕುವವಳೂ ನಾನೇ." ಕುಂದಾಪುರದಿಂದ ಮಣಿಪಾಲಕ್ಕೆ ಸುಮಾರು ನಲವತ್ತು ಕಿಲೋಮೀಟರು. ಅಪ್ಪಯ್ಯ ಆ ದಿನ ಊಟವಾಗುವವರೆಗೆ ಮಾತಾಡಲಿಲ್ಲ.

ಕೊನೆಗೆ ನಮ್ಮ ಮನೆಯ ತೀರ್ಮಾನ

ನೀರಿನ ದಂಡೆಯಲ್ಲಿ ಮನೆ ಬೇಡ, ನೀರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಎತ್ತರದ ಜಾಗವಿರಲಿ ಎಂದು ನಿಶ್ಚಯಿಸಿದೆವು. ಇಂಥ ಸ್ಥಳಗಳು ನಮ್ಮಲ್ಲಿ ಕಡಿಮೆಯಿಲ್ಲ. ಠಾಣೆಯಲ್ಲಿ ಕೌಪೀನೇಶ್ವರ ಗುಡಿಯ ಎದುರಿನ ಮಾಸುಂದಾ ಕೆರೆ ಇದೆ, ಉಪವನ ಕೆರೆ ಇದೆ. ವಾಶಿಯಲ್ಲಿ ಸಾಗರ ವಿಹಾರವಿದೆ. ಠಾಣೆಯ ಖಾಡಿ ೨೦೧೫ರಿಂದ ರಾಜಹಂಸಗಳ ಅಭಯಾರಣ್ಯ. ೨೦೨೨ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಕಲ್ಯಾಣದಲ್ಲಿ ದುರ್ಗಾಡಿ ಕೋಟೆಯ ದಿಬ್ಬದಿಂದ ಖಾಡಿ ಕಾಣುತ್ತದೆ, ಊರೊಳಗೆ ಕಾಳಾ ತಲಾವ್ ಇದೆ. ಇವನ್ನೆಲ್ಲ ನೋಡಲು ಮನೆಯನ್ನು ಪಣಕ್ಕಿಡಬೇಕಾದುದಿಲ್ಲ.

ಸದ್ಯಕ್ಕೆ ಕಲ್ಯಾಣದಲ್ಲಿ ಕಾಳಾ ತಲಾವಿಗೆ ಹತ್ತು ನಿಮಿಷದ ದಾರಿಯಲ್ಲಿ ಎರಡನೆಯ ಅಂತಸ್ತಿನ ಒಂದು ಮನೆಯನ್ನು ಬಾಡಿಗೆಗೆ ಹಿಡಿದಿದ್ದೇವೆ. ಒಂದು ಬೇಸಗೆ, ಒಂದು ಮಳೆಗಾಲ ಅಲ್ಲಿದ್ದು ನೋಡಿ, ಸರಿಬಂದರೆ ಮಾತ್ರ ಆ ಓಣಿಯಲ್ಲಿ ಕೊಳ್ಳುವುದು. ಫಂಡಿನ ಹಣ ಅಲ್ಲಿಯವರೆಗೆ ಬ್ಯಾಂಕಿನಲ್ಲಿರಲಿ. ಅಪ್ಪಯ್ಯ ಬೆಳಿಗ್ಗೆ ಕೆರೆಯ ಸುತ್ತ ನಡೆದು ಬಂದು, "ಹೊಳೆಯ ಹಾಗಲ್ಲ, ಆದರೂ ನೀರು ನೀರೇ" ಎನ್ನುತ್ತಾರೆ. ಬಸ್ರೂರಿಗೆ ವರ್ಷಕ್ಕೊಮ್ಮೆ ಮತ್ಸ್ಯಗಂಧಾದಲ್ಲಿ ಹೋಗಿ ತಿಂಗಳು ಇದ್ದು ಬರುವುದೆಂದು ಅಮ್ಮನೇ ಹೇಳಿದ್ದಾರೆ.

ಅಭ್ಯಾಸಕ್ಕಾಗಿ

ಮನೆ ನೋಡಲು ಹೊರಡುವವರು ಈ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ:

(೧) ೨೦೦೫ರಲ್ಲಿ ಮತ್ತು ೨೦೧೯ರಲ್ಲಿ ಈ ಓಣಿಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? (ದಲಾಲಿಯನ್ನಲ್ಲ, ಇಸ್ತ್ರಿಯವರನ್ನು, ಕಿರಾಣಿಯವರನ್ನು ಕೇಳಿರಿ.)
(೨) ವಿದ್ಯುತ್ ಮೀಟರುಗಳು ಎಷ್ಟು ಎತ್ತರದಲ್ಲಿವೆ?
(೩) ಜಾಗವು ನೀಲಿ ರೇಖೆಯ ಒಳಗೋ, ಹೊರಗೋ?
(೪) ಮೇ ತಿಂಗಳಲ್ಲಿ ನಲ್ಲಿ ಎಷ್ಟು ಹೊತ್ತು ಬರುತ್ತದೆ? ಟ್ಯಾಂಕರಿನ ಖರ್ಚೆಷ್ಟು?
(೫) ಲಿಫ್ಟು ಕೆಟ್ಟ ದಿನ ನನ್ನ ಮೊಣಕಾಲು ಎಷ್ಟನೆಯ ಅಂತಸ್ತಿನವರೆಗೆ ಹತ್ತಬಲ್ಲದು?
(೬) ಓ.ಸಿ. ಇದೆಯೆ? ಪಾಲಿಕೆಯಲ್ಲಿ ತಾಳೆ ನೋಡಿದೆನೆ?
(೭) ಮನೆಯಾಕೆಯನ್ನು ಕರೆದುಕೊಂಡು ಬಂದು ತೋರಿಸಿದೆನೆ?

ಏಳನೆಯ ಪ್ರಶ್ನೆಗೆ "ಹೌದು" ಎಂಬ ಉತ್ತರ ಬರುವವರೆಗೆ ಯಾರೂ ಟೋಕನ್ ಕೊಡಬಾರದೆಂದು ನನ್ನ ಪ್ರಾರ್ಥನೆ. ಕಾಗದಪತ್ರ ಓದಲು ಸಹಾಯ ಬೇಕಾದವರು ರವಿವಾರ ಬೆಳಿಗ್ಗೆ ವಾಚನಾಲಯಕ್ಕೆ ಬರಲಿ. ಮರಾಠಿಯಲ್ಲಿರುವುದನ್ನು ಓದಿ ಹೇಳಲು ನಾವಿಬ್ಬರು ಮೂವರು ಇರುತ್ತೇವೆ.